ನೂರು ರೊಟ್ಟಿಯ ಲೆಕ್ಕ

(ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಮುಂದೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ.)

ಮನೆ ಖರ್ಚು ತಗ್ಗಿಸುವುದು ಹೇಗೆ, ನಾಲ್ಕು ಕಾಸು ಹೆಚ್ಚಿಗೆ ಗಳಿಸುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದ್ದೀರಿ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವಳು ನಾನು. ಅದರಲ್ಲಿ ಒಂಬತ್ತು ವರ್ಷ ಉಡುಪಿ ಜಿಲ್ಲೆಯಲ್ಲಿ, ಉಳಿದ ಬಹುಪಾಲು ಈ ಸೀಮೆಯಲ್ಲೇ ಕಳೆದೆ. ಇಷ್ಟು ವರ್ಷಗಳಲ್ಲಿ ನಾನು ಕಂಡ ಹೆಣ್ಣುಮಕ್ಕಳಲ್ಲಿ ದುಡಿಯದವರು ಯಾರೂ ಇರಲಿಲ್ಲ, ದುಂದು ಮಾಡುವವರಂತೂ ಬೆರಳೆಣಿಕೆಯಷ್ಟೂ ಇರಲಿಲ್ಲ. ಆದ್ದರಿಂದ ನಿಮಗೆ ಹೆಚ್ಚು ದುಡಿಯಿರಿ, ಕಡಿಮೆ ಉಣ್ಣಿರಿ ಎಂದು ಹೇಳಲು ನಾನು ಬಂದಿಲ್ಲ. ದುಡಿದದ್ದು ಯಾವ ದಾರಿಯಲ್ಲಿ ಹೊರಟುಹೋಗುತ್ತದೆ ಎಂಬುದನ್ನು ಹಾಳೆಯ ಮೇಲೆ ಬರೆದು ನೋಡೋಣ ಎಂಬುದಷ್ಟೇ ನನ್ನ ಮಾತು.

ಒಬ್ಬ ತಂಗಿಯ ಲೆಕ್ಕದಿಂದ ಶುರು ಮಾಡುತ್ತೇನೆ. ಅವರ ಹೆಸರು ಬೇಡ. ಖಾನಾವಳಿಯೊಂದಕ್ಕೆ ವಾರದಲ್ಲಿ ಮೂರು ದಿನ, ದಿನಕ್ಕೆ ನೂರರಂತೆ ಕಟಕ್ ರೊಟ್ಟಿ ಕೊಡುತ್ತಿದ್ದರು. ಒಂದು ದಿನ ಪಾಸ್‌ಬುಕ್ ಹಿಡಿದುಕೊಂಡು ನನ್ನ ಮುಂದೆ ಕುಳಿತು, "ನೂರು ರೊಟ್ಟಿಗೆ ಏಳ್ನೂರು ಬರ್ತಾವ್ರಿ ಮೇಡಂ, ಆದ್ರ ಕೈಯಾಗ ಒಂದ್ ರೂಪಾಯಿ ನಿಲ್ಲಂಗಿಲ್ರಿ" ಎಂದರು. ಆ ಏಳುನೂರನ್ನು ಬಿಡಿಸಿ ನೋಡೋಣ ಎಂದು ಮುಂದಿನ ಭಾನುವಾರ ಅವರ ಮನೆಗೇ ಹೋದೆ.

ಅವರ ಕೈಯಲ್ಲಿ ಒಂದು ಕಿಲೋ ಹಿಟ್ಟಿಗೆ ಹದಿನೇಳು ರೊಟ್ಟಿ ಆಗುತ್ತಿದ್ದವು, ಅಂದರೆ ನೂರಕ್ಕೆ ಹೆಚ್ಚುಕಡಿಮೆ ಆರು ಕಿಲೋ ಹಿಟ್ಟು ಬೇಕು. ಜೋಳ ಕಿಲೋಗೆ 50 ರೂಪಾಯಿಯಂತೆ 300, ಗಿರಣಿಯಲ್ಲಿ ಬೀಸಲು ಕಿಲೋಗೆ 6 ರೂಪಾಯಿಯಂತೆ 36. ಕಟ್ಟಿಗೆಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಕಟ್ಟಿಗೆಯನ್ನು ಗಾಡಿ ಲೆಕ್ಕದಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಲೆಗೆ ಹಾಕುವ ಮುಂಚೆ ಕಟ್ಟಿಗೆಯನ್ನು ತೂಗಿದೆವು. ನೂರು ರೊಟ್ಟಿ ಮುಗಿಯುವಷ್ಟರಲ್ಲಿ ಐದು ಕಿಲೋ ಉರಿದಿತ್ತು, ಗಾಡಿಯ ಬೆಲೆಯ ಮೇಲೆ ಅದಕ್ಕೆ 35 ರೂಪಾಯಿ. ಪ್ಲಾಸ್ಟಿಕ್ ಚೀಲ, ಖಾನಾವಳಿಗೆ ಒಯ್ಯುವ ಆಟೋದ ಪಾಲು ಸೇರಿ 15. ಒಟ್ಟು 386 ಆಯಿತು. ಏಳುನೂರರಲ್ಲಿ ಉಳಿದದ್ದು 314 ರೂಪಾಯಿ, ಅಂದರೆ ಒಂದು ರೊಟ್ಟಿಗೆ ಮೂರು ರೂಪಾಯಿ ಚಿಲ್ಲರೆ. ನಾದುವುದು, ಬಡಿಯುವುದು, ಬೇಯಿಸುವುದು, ಒಣಗಿಸಿ ಎಣಿಸಿ ಕಟ್ಟುವುದು ಎಲ್ಲ ಸೇರಿ ಆರು ತಾಸು. ತಾಸಿಗೆ ಐವತ್ತೆರಡು ರೂಪಾಯಿ ಬಿದ್ದಿತು. ಅಷ್ಟೂ ಹೊತ್ತು ಅವರು ಒಲೆಯ ಉರಿಯ ಮುಂದೆ ಕುಳಿತಿದ್ದರು. ಈ ಅಂಕಿಯನ್ನು ನಾನು ಹಾಳೆಯ ಮೇಲೆ ಬರೆದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಏಳುನೂರು ಬಂತು ಎಂದುಕೊಂಡು ಏಳುನೂರರ ಖರ್ಚಿಗೆ ಮನಸ್ಸು ಮಾಡುವುದು, ಮುನ್ನೂರ ಹದಿನಾಲ್ಕರಲ್ಲಿ ಅದು ಆಗದೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವುದು, ಮುಂದಿನ ವಾರದ ಜೋಳಕ್ಕೆ ಹಣ ಸಾಲದೆ ಕೈಗಡ ತರುವುದು ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಸಣ್ಣ ವ್ಯಾಪಾರದಲ್ಲಿ ಬಂಡವಾಳದ ಹಣ ಮತ್ತು ಲಾಭದ ಹಣ ಒಂದೇ ಡಬ್ಬಿಯಲ್ಲಿ ಇದ್ದರೆ ಬಂಡವಾಳ ಕರಗುವುದು ಕಣ್ಣಿಗೆ ಕಾಣುವುದಿಲ್ಲ. ಅವರಿಗೆ ಎರಡು ಡಬ್ಬಿ ಇಡಲು ಹೇಳಿದೆ: ಹಣ ಬಂದ ಕೂಡಲೇ 386 ರೂಪಾಯಿ ಜೋಳದ ಡಬ್ಬಿಗೆ ಹೋಗಬೇಕು, ಮನೆಯ ಕಷ್ಟ ಎಷ್ಟೇ ಇದ್ದರೂ ಅದಕ್ಕೆ ಕೈ ಹಾಕಬಾರದು.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ತಿಂಗಳಿಗೆ ಹನ್ನೆರಡು ದಿನ ರೊಟ್ಟಿ ಮಾಡಿದರೆ ಮೂರು ಸಾವಿರದ ಏಳುನೂರರಷ್ಟು ಉಳಿಯಬೇಕಲ್ಲ, ಅದು ಎಲ್ಲಿ ಎಂದು ಕೇಳಿದೆ. ಸ್ವಲ್ಪ ಹಿಂಜರಿಕೆಯ ನಂತರ ಅವರು ಹೇಳಿದ್ದೇನೆಂದರೆ, ಮಗನ ಕಾಲೇಜು ಫೀಗಾಗಿ ಪರಿಚಯದವರೊಬ್ಬರಿಂದ 20,000 ರೂಪಾಯಿ ತಂದಿದ್ದಾರೆ, ಬಡ್ಡಿ ನೂರಕ್ಕೆ ಐದು, ಪ್ರತಿ ತಿಂಗಳು ಒಂದನೇ ತಾರೀಖಿಗೆ ಸಾವಿರ ರೂಪಾಯಿ ಕೊಟ್ಟುಬರುತ್ತಾರೆ. ಹದಿನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ಸಾವಿರ ಕೊಟ್ಟಿದ್ದರು, ಅಸಲು ಇಪ್ಪತ್ತು ಸಾವಿರ ಹಾಗೆಯೇ ನಿಂತಿತ್ತು.

ದಯವಿಟ್ಟು ಇಲ್ಲಿ ಸ್ವಲ್ಪ ಗಮನ ಕೊಡಿ. ಬ್ಯಾಂಕಿನವರು ಶೇಕಡಾ 12 ಎಂದಾಗ ನಮಗೆ ಅದು ದುಬಾರಿ ಎನ್ನಿಸುತ್ತದೆ, ಕೈಸಾಲ ಕೊಡುವವರು ನೂರಕ್ಕೆ ಐದು ಎಂದಾಗ ಅಗ್ಗ ಎನ್ನಿಸುತ್ತದೆ. ಬ್ಯಾಂಕಿನ ಹನ್ನೆರಡು ವರ್ಷದ ಲೆಕ್ಕ, ಕೈಸಾಲದ ಐದು ತಿಂಗಳ ಲೆಕ್ಕ. ತಿಂಗಳ ಐದನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇಕಡಾ 60 ಆಗುತ್ತದೆ. ಇಪ್ಪತ್ತು ತಿಂಗಳಲ್ಲಿ ತಂದಷ್ಟೇ ಹಣವನ್ನು ಬಡ್ಡಿಯಾಗಿ ಕೊಟ್ಟಿರುತ್ತೇವೆ, ಆದರೂ ಸಾಲ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ರೊಟ್ಟಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ರೊಟ್ಟಿಗೆ ಮೂರು ರೂಪಾಯಿ ಚಿಲ್ಲರೆ ಉಳಿಯುವಾಗ ಸಾವಿರ ರೂಪಾಯಿ ಬಡ್ಡಿ ಎಂದರೆ 318 ರೊಟ್ಟಿ. ಪ್ರತಿ ತಿಂಗಳೂ ಮೂರು ದಿನಕ್ಕಿಂತ ಹೆಚ್ಚು ಅವರು ಒಲೆಯ ಮುಂದೆ ಕುಳಿತಿದ್ದು ಸಾಲ ಕೊಟ್ಟವರಿಗಾಗಿ. ಆದ್ದರಿಂದಲೇ ಮನೆ ಖರ್ಚಿನ ಮಾತು ಬಂದಾಗ ನಾನು ಸೊಪ್ಪು, ತರಕಾರಿ, ಚಹಾಪುಡಿಯಿಂದ ಶುರು ಮಾಡುವುದಿಲ್ಲ. ಮೊದಲು ಬಡ್ಡಿ ಎಷ್ಟು ಕಟ್ಟುತ್ತಿದ್ದೀರಿ ಎಂದು ಕೇಳುತ್ತೇನೆ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ಅದೇ ದಿನ ಸಂಜೆ ಬಡ್ಡಿ ಸಾವಿರವನ್ನು ಮಾತಿಲ್ಲದೆ ಎಣಿಸಿ ಕೊಟ್ಟುಬರುತ್ತೇವೆ.

ಇದಕ್ಕೆ ನಿಮ್ಮ ಕೈಯಲ್ಲೇ ಇರುವ ದಾರಿ ನಿಮ್ಮ ಸಂಘ. ಹತ್ತು-ಇಪ್ಪತ್ತು ಹೆಣ್ಣುಮಕ್ಕಳು ವಾರ ವಾರ ಸ್ವಲ್ಪ ಉಳಿಸಿ, ಅದನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವ ಈ ಪದ್ಧತಿಗೆ ಕರ್ನಾಟಕದಲ್ಲಿ ಬಹಳ ಹಿಂದೆಯೇ ಬೇರು ಬಿದ್ದಿತು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ಇಂಥ ಸಂಘಗಳನ್ನು ಕಟ್ಟಿತ್ತು, ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು, ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ಆ ತಂಗಿಯೂ ಸಂಘದ ಸದಸ್ಯೆಯೇ ಆಗಿದ್ದರು. ಸಂಘದಲ್ಲಿ ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಸಂಕೋಚಕ್ಕೆ ಹೊರಗೆ ಸಾಲ ತಂದಿದ್ದರು. ಈ ಸಂಕೋಚವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮನೆಯ ಮರ್ಯಾದೆಯ ಭಾರವನ್ನು ಹೆಂಗಸರೇ ಹೊರುವ ಊರುಗಳಲ್ಲಿ ಅದು ಸಹಜ. ಆದರೆ ಆ ಸಂಕೋಚಕ್ಕೆ ಅವರು ತಿಂಗಳಿಗೆ 800 ರೂಪಾಯಿ ಕೊಡುತ್ತಿದ್ದರು. ಸಂಘದ ಬಡ್ಡಿ ನೂರಕ್ಕೆ ಒಂದು, ಅಂದರೆ ಇಪ್ಪತ್ತು ಸಾವಿರಕ್ಕೆ ಮೊದಲ ತಿಂಗಳು 200 ರೂಪಾಯಿ, ಆಮೇಲೆ ಅಸಲು ಇಳಿದಂತೆ ಅದೂ ಇಳಿಯುತ್ತದೆ. ಸಂಘದ ಪ್ರತಿನಿಧಿಗಳು ಇಲ್ಲಿ ಕುಳಿತಿದ್ದೀರಿ. ಸಾಲದ ಅರ್ಜಿ ಬಂದಾಗ ಕಾರಣವನ್ನು ಸಭೆಯ ಮುಂದೆ ಬಿಡಿಸಿ ಹೇಳಿಸುವ ಅಗತ್ಯ ಇದೆಯೇ ಎಂದು ಒಮ್ಮೆ ಯೋಚಿಸಿ. ಹೊರಗಿನ ಸಾಲ ತೀರಿಸಲು ಎಂದಷ್ಟೇ ಬರೆದುಕೊಂಡರೂ ಸಂಘಕ್ಕೆ ನಷ್ಟವಿಲ್ಲ.

ಕಂತಿನ ಸಾಲದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ 30,000 ರೂಪಾಯಿಯ ಸಾಮಾನಿಗೆ "ವರ್ಷಕ್ಕೆ ಹನ್ನೆರಡು ಪರ್ಸೆಂಟ್, ಹನ್ನೆರಡು ಕಂತು" ಎನ್ನುತ್ತಾರೆ. ಬಡ್ಡಿ 3,600 ಸೇರಿಸಿ ತಿಂಗಳಿಗೆ 2,800 ಕಟ್ಟಿಸಿಕೊಳ್ಳುತ್ತಾರೆ. ಆದರೆ ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಬರುತ್ತೀರಿ, ಆರನೆಯ ತಿಂಗಳಿಗೆ ನಿಮ್ಮ ಕೈಯಲ್ಲಿರುವುದು ಅರ್ಧ ಸಾಲ, ಬಡ್ಡಿ ಮಾತ್ರ ಪೂರ್ತಿ ಮೂವತ್ತು ಸಾವಿರಕ್ಕೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇಕಡಾ 21ರ ಮೇಲಾಗುತ್ತದೆ. ಹಾಗಾಗಿ "ಫ್ಲಾಟ್ ಬಡ್ಡಿಯೋ, ಇಳಿಯುವ ಅಸಲಿನ ಮೇಲಿನ ಬಡ್ಡಿಯೋ" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಕಿರುಸಾಲ ಕೊಡುವ ಕಂಪನಿಗಳ ವಿಷಯದಲ್ಲಿ ನಿಮಗೆ ಹಕ್ಕೇ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವಾರ್ಷಿಕ ಆದಾಯ ಮೂರು ಲಕ್ಷದ ಒಳಗಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಇಂಥ ಸಾಲದಲ್ಲಿ ವರ್ಷದ ಒಟ್ಟು ಬಡ್ಡಿ ದರ, ಶುಲ್ಕ ಎಲ್ಲವನ್ನೂ ನಿಮಗೆ ತಿಳಿಯುವ ಭಾಷೆಯಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಬೇಕು. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲ ವಸೂಲಿಯ ಹೆಸರಿನಲ್ಲಿ ಮನೆ ಮುಂದೆ ಬಂದು ಕೂರುವುದು, ಬೆದರಿಸುವುದನ್ನು ತಡೆಯಲು ನಮ್ಮ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅಂಥ ಪರಿಸ್ಥಿತಿ ಬಂದರೆ ಒಬ್ಬರೇ ಎದುರಿಸಬೇಡಿ, ಸಂಘದವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ.

ಚೀಟಿಯ ಬಗ್ಗೆ ಹೇಳುವಾಗ ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ನಮ್ಮ ತಾಯಿ ಓಣಿಯ ಚೀಟಿಯೊಂದಕ್ಕೆ ಹದಿನೇಳು ತಿಂಗಳು ಕಟ್ಟಿದ್ದರು, ಕೊನೆಗೆ ಎತ್ತಿ ನನಗೆ ಎರಡು ಬಳೆ ಮಾಡಿಸಬೇಕೆಂದು. ಹದಿನೆಂಟನೆಯ ತಿಂಗಳು ಚೀಟಿ ನಡೆಸುತ್ತಿದ್ದವರ ಮನೆಗೆ ಬೀಗ ಬಿದ್ದಿತ್ತು. ಒಂದು ಚೂರು ರಸೀದಿ ಇರಲಿಲ್ಲ, ನಂಬಿಕೆಯ ಮೇಲೆ ಕಟ್ಟಿದ್ದು. ಅಮ್ಮ ಆ ನಷ್ಟವನ್ನು ಅಪ್ಪನಿಗೆ ಹೇಳಲು ಒಂದು ವರ್ಷ ತೆಗೆದುಕೊಂಡರು. ಚೀಟಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಬ್ಯಾಂಕಿನವಳಾಗಿಯೂ ಹೇಳುವುದಿಲ್ಲ. ಆದರೆ 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಆದ ಚೀಟಿಯಲ್ಲೇ ಇರಿ. ನಮ್ಮ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮೊದಲ ತಿಂಗಳುಗಳಲ್ಲೇ ಹರಾಜು ಕೂಗಿ ಚೀಟಿ ಎತ್ತಿದವರು ನಲವತ್ತು ಸಾವಿರದ ಚೀಟಿಯಲ್ಲಿ ಹತ್ತು ಸಾವಿರ ಬಿಟ್ಟುಕೊಟ್ಟರೆ, ಆ ಹತ್ತು ಸಾವಿರ ಬಡ್ಡಿಯೇ. ಅದನ್ನೂ ಬಡ್ಡಿಯ ಸಾಲಿನಲ್ಲೇ ಬರೆದುಕೊಳ್ಳಿ.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಪುಕ್ಕಟೆ ಎಂದು ಬಹಳ ಜನ ಬಿಲ್ಲನ್ನು ನೋಡುವುದನ್ನೇ ಬಿಟ್ಟಿದ್ದಾರೆ. ನೋಡಬೇಕು. ನಿಮ್ಮ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡಾ 10 (ಬಹಳ ಕಡಿಮೆ ಬಳಸುವ ಮನೆಗೆ 10 ಯೂನಿಟ್) ಸೇರಿಸಿದಷ್ಟು ನಿಮ್ಮ ಅರ್ಹ ಯೂನಿಟ್, ಗರಿಷ್ಠ ಮಿತಿ 200. ಅರ್ಹತೆ ದಾಟಿ, ಆದರೆ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. ಅಂದರೆ 198 ಯೂನಿಟ್ ಬಳಸಿದ ಮನೆಗೂ 203 ಬಳಸಿದ ಮನೆಗೂ ಯೂನಿಟ್ಟಿನಲ್ಲಿ ಐದೇ ವ್ಯತ್ಯಾಸ, ಬಿಲ್ಲಿನಲ್ಲಿ ಸಾವಿರಕ್ಕೂ ಹೆಚ್ಚು ವ್ಯತ್ಯಾಸ ಬೀಳಬಹುದು. ಬೇಸಿಗೆಯಲ್ಲಿ ಈ ಗೆರೆಯ ಹತ್ತಿರ ಓಡಾಡುವ ಮನೆಗಳು ಹದಿನೈದು ದಿನಕ್ಕೊಮ್ಮೆ ಮೀಟರ್ ಓದಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಬೇಕು.

ಯಾವುದು ಎಷ್ಟು ಎಳೆಯುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. 1,500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ನಲವತ್ತು ನಿಮಿಷಕ್ಕೆ ಒಂದು ಯೂನಿಟ್ ಎಳೆಯುತ್ತದೆ, ಐದು ಜನರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ ಎಂದರೂ ತಿಂಗಳಿಗೆ 60. ಹಳೆಯ ಫ್ಯಾನು 75 ವ್ಯಾಟಿನದು, ದಿನಕ್ಕೆ ಹದಿನೈದು ತಾಸು ತಿರುಗಿದರೆ ತಿಂಗಳಿಗೆ 34 ಯೂನಿಟ್ ಹತ್ತಿರ. ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನದು, ಅಷ್ಟೇ ಹೊತ್ತಿಗೆ ಹದಿಮೂರೂವರೆ. ಇಂಥ ಎರಡು ಫ್ಯಾನು ಹಾಕಿದರೆ ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ಆದರೆ ಬಿಲ್ಲು ಸೊನ್ನೆಯೇ ಬರುತ್ತಿದ್ದರೆ ಉಳಿತಾಯದ ಹೆಸರಿನಲ್ಲಿ ಹೊಸ ಫ್ಯಾನಿಗೆ ಹಣ ಹಾಕಬೇಡಿ, ಹಳೆಯದು ಕೆಟ್ಟಾಗ ನೋಡಿದರಾಯಿತು. ಉಡುಪಿಯಲ್ಲಿದ್ದಾಗ ನನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ತೋಟದಲ್ಲಿ ಬಿದ್ದ ತೆಂಗಿನ ಮಡಲು, ಸಿಪ್ಪೆಯಲ್ಲೇ ಐದು ಜನರ ನೀರು ಕಾಯುತ್ತಿತ್ತು. ಈ ಕಡೆ ಹೊಲದಲ್ಲಿ ಹತ್ತಿಕಟ್ಟಿಗೆ, ಗೋವಿನಜೋಳದ ದಂಟಿನ ಬೆಂಡು ಇದೆ. ಇರುವವರು ಬಳಸಿಕೊಳ್ಳಿ.

ಔಷಧಿಯ ಖರ್ಚು ಮಾತ್ರ ಬಹಳ ಮನೆಗಳಲ್ಲಿ ಸದ್ದಿಲ್ಲದೆ ಬೆಳೆಯುತ್ತಿದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಮ್ಮೆ ಶುರುವಾದರೆ ಜೀವನಪೂರ್ತಿ. ಹಣ ಉಳಿಸಲು ದಿನ ಬಿಟ್ಟು ದಿನ ಮಾತ್ರೆ ನುಂಗುವವರನ್ನು ನಾನು ನೋಡಿದ್ದೇನೆ, ನಮ್ಮ ಹತ್ತಿರದ ಬಂಧುಗಳಲ್ಲೇ ಒಬ್ಬರು ಹಾಗೆ ಮಾಡಿ ಪಾರ್ಶ್ವವಾಯುವಿಗೆ ತುತ್ತಾದರು. ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರಿಗೆ ಔಷಧದ ಮೂಲ ಹೆಸರು ಬರೆದುಕೊಡಲು ಕೇಳಿ, ಅದನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿನ ಬೆಲೆ ಕಂಪನಿ ಹೆಸರಿನ ಔಷಧಿಗಿಂತ ಶೇಕಡಾ 50ರಿಂದ 80ರವರೆಗೆ ಕಡಿಮೆ ಎಂದು ಕೇಂದ್ರ ಸರ್ಕಾರವೇ ಹೇಳುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಎರಡು ಕಾಯಿಲೆಗೆ ತಪಾಸಣೆಯೂ ಮಾತ್ರೆಯೂ ಉಚಿತವಾಗಿ ಸಿಗುತ್ತವೆ. ಹೆಣ್ಣುಮಕ್ಕಳ ಪ್ಯಾಡು ಕೂಡ ಜನೌಷಧಿಯಲ್ಲಿ ಒಂದಕ್ಕೆ ಒಂದು ರೂಪಾಯಿ.

ಕಾಳುಕಡಿಯ ವಿಷಯದಲ್ಲಿ ನಿಮಗೆ ಹೇಳಿಕೊಡುವಷ್ಟು ನಾನು ತಿಳಿದವಳಲ್ಲ. ಹಗೇವಿನಲ್ಲಿ ಜೋಳ ತುಂಬಿಟ್ಟ ಮನೆತನಗಳವರು ನೀವು. ಒಂದು ಮಾತು ಮಾತ್ರ: ಸುಗ್ಗಿಯಲ್ಲಿ ಕೊಳ್ಳುವುದು ಲಾಭ ಎಂದು ಎಲ್ಲರಿಗೂ ಗೊತ್ತು, ಕೈಯಲ್ಲಿ ಒಟ್ಟಿಗೆ ಹಣ ಇಲ್ಲದಿರುವುದೇ ತೊಡಕು. ಅದಕ್ಕೆ ಸಂಘದ ಸಾಲ ತೆಗೆದು ಹಿಂಗಾರಿಯ ಮಾಲದಂಡಿ ಜೋಳ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ, ತೊಗರಿ, ಹುಣಸೆಹಣ್ಣು ಇಷ್ಟನ್ನು ಹತ್ತು ಮನೆ ಸೇರಿ ಚೀಲದ ಲೆಕ್ಕದಲ್ಲಿ ತಂದು ಹಂಚಿಕೊಂಡರೆ, ನೂರಕ್ಕೆ ಒಂದು ಬಡ್ಡಿ ಕಟ್ಟಿಯೂ ಉಳಿಯುತ್ತದೆ. ಆ ರೊಟ್ಟಿಯ ತಂಗಿ ಹಾಗೇ ಮಾಡಿ ಜೋಳದಲ್ಲಿ ಕಿಲೋಗೆ ಎಂಟು ರೂಪಾಯಿ ಉಳಿಸಿದರು, ನೂರು ರೊಟ್ಟಿಗೆ 48 ರೂಪಾಯಿ ಹೆಚ್ಚು ಉಳಿಯತೊಡಗಿತು. ಕಾಳನ್ನು ಬೇವಿನ ಎಲೆ ಹಾಕಿ ಇಟ್ಟರು, ಹಿಟ್ಟನ್ನು ಮಾತ್ರ ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತಿದ್ದರು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ, ಒಡೆದ ರೊಟ್ಟಿಯನ್ನು ಖಾನಾವಳಿಯವರು ವಾಪಸು ಕಳಿಸುತ್ತಾರೆ.

ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು ಎಂಬುದನ್ನೂ ಹೇಳಬೇಕು. ಮಕ್ಕಳ ಹಾಲು, ಮೊಟ್ಟೆ, ಕಾಳು, ಸೊಪ್ಪು, ನಿಮ್ಮ ಸ್ವಂತ ಊಟ, ಇವುಗಳಲ್ಲಿ ಬೇಡ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯನ್ನು ಉಳಿತಾಯ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಹಾಗೆಯೇ ವಿಮೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಯಾವ ಕಾರಣದ ಸಾವಿಗೂ, ಎರಡೂ ಎರಡು ಲಕ್ಷದವು. ಈ ಎರಡನ್ನು ಮನೆಯ ದುಡಿಯುವವರೆಲ್ಲರ ಹೆಸರಿನಲ್ಲಿ ಮಾಡಿಸಿ. ಮನೆಯಲ್ಲಿ ಕೆಲಸ ಮಾಡುವ ನೀವೂ ದುಡಿಯುವವರೇ.

ಇನ್ನು ಗಳಿಕೆಯ ಮಾತು. ಉಡುಪಿಯ ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಿತ್ತಲಲ್ಲಿ ಹತ್ತಿಪ್ಪತ್ತು ಗಿಡ ಇಟ್ಟುಕೊಂಡ ಹೆಂಗಸರು ಬೆಳಗಿನ ಜಾವಕ್ಕೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಏರುವುದರೊಳಗೆ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸುತ್ತಾರೆ. ಅಲ್ಲಿನ ಅಳತೆಯೇ ಬೇರೆ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ. ಮದುವೆ, ಹಬ್ಬದ ದಿನಗಳಲ್ಲಿ, ಚಳಿಗೆ ಹೂವು ಕಡಿಮೆಯಾದಾಗ ಏರುತ್ತದೆ, ಹೂವು ಹೆಚ್ಚಾದಾಗ ಬಿದ್ದುಹೋಗುತ್ತದೆ. ನಮ್ಮ ಬ್ಯಾಂಕಿಗೆ ಗಿಡಕ್ಕಾಗಿ ಸಾಲ ಕೇಳಲು ಬರುವವರು ಏರಿದ ದಿನದ ದರ ಹಿಡಿದು ಆದಾಯ ಹೇಳುತ್ತಿದ್ದರು. ವರ್ಷಗಳಿಂದ ಬೆಳೆಯುತ್ತಿದ್ದ ಒಬ್ಬ ಹಿರಿಯಮ್ಮ ಮಾತ್ರ ಪ್ರತಿ ದಿನದ ಚೆಂಡು ಮತ್ತು ದರವನ್ನು ಮೊಮ್ಮಗಳ ಶಾಲೆಯ ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು, ಕಡಲೆ ಹಿಂಡಿಗೆ ಎಷ್ಟು ಹೋಯಿತು ಎಂಬುದೂ ಸೇರಿ. ಅವರಿಗೆ ಎಷ್ಟು ಸಾಲ ಕೊಡಬಹುದು ಎಂದು ನಾನು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ, ಅವರೇ ಬರೆದುಕೊಂಡು ಬಂದಿದ್ದರು.

ಈ ಕಡೆ ಮಲ್ಲಿಗೆಯ ಬದಲು ಮೆಣಸಿನಕಾಯಿ ಇದೆ. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ತೂಕದ ಮೇಲೆ ಕೂಲಿ. ಆ ಕೆಲಸಕ್ಕೆ ಹೋಗುವವರು ಒಂದು ವಾರ ತಾಸು ಬರೆದಿಟ್ಟು, ತಾಸಿಗೆ ಎಷ್ಟು ಬಿತ್ತು ಎಂದು ನೋಡಿ. ಸಂಜೆ ಉರಿಯುವ ಕಣ್ಣು, ಕೈಗೆ ಹಚ್ಚುವ ಎಣ್ಣೆ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ಕೌದಿ ಹೊಲಿಯುವುದು, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆ, ಎಲ್ಲಕ್ಕೂ ಇದೇ ಅಳತೆ. ಕೌದಿಗೆ ಕೂಲಿ ಹೇಳುವಾಗ ನಮ್ಮ ಹೆಣ್ಣುಮಕ್ಕಳು ದಾರದ ಬೆಲೆಗೆ ಸ್ವಲ್ಪ ಸೇರಿಸಿ ಹೇಳುತ್ತಾರೆ, ಹದಿನೈದು ದಿನದ ಹೊಲಿಗೆಗೆ ಬೆಲೆಯನ್ನೇ ಕಟ್ಟುವುದಿಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ. ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ. ನಾನು ಸಂಘವೊಂದಕ್ಕೆ ಮಾಡಿಸಿಕೊಟ್ಟಾಗ ವರ್ಷಕ್ಕೆ ನೂರು ರೂಪಾಯಿ ಶುಲ್ಕವಿತ್ತು. ಅದು ಇದ್ದರೆ ಪಟ್ಟಣದ ಅಂಗಡಿಗಳು ನಿಮ್ಮ ಪ್ಯಾಕೆಟ್ಟನ್ನು ತೆಗೆದುಕೊಳ್ಳುತ್ತವೆ.

ಮೊಬೈಲಿನಲ್ಲಿ ಬರುವ ಗಳಿಕೆಯ ಬಗ್ಗೆ ಎಚ್ಚರಿಸದೆ ಮುಂದೆ ಹೋಗಲಾರೆ. ನಮ್ಮ ಓಣಿಯ ಹುಡುಗಿಯೊಬ್ಬಳಿಗೆ, ಡಿಗ್ರಿ ಓದುತ್ತಿದ್ದವಳು, ವಿಡಿಯೊಗಳಿಗೆ ಲೈಕ್ ಒತ್ತಿದರೆ ಹಣ ಎಂದು ಸಂದೇಶ ಬಂತು. ಮೊದಲ ದಿನ ನಿಜಕ್ಕೂ 150 ರೂಪಾಯಿ ಖಾತೆಗೆ ಬಿತ್ತು. ಎರಡನೆಯ ದಿನ 300. ಮೂರನೆಯ ದಿನ ಸಾವಿರ ಕಟ್ಟಿದರೆ ಹದಿಮೂರುನೂರು ಎಂದರು, ಅದೂ ಬಂತು. ಆಮೇಲೆ ಐದು ಸಾವಿರ, ಹನ್ನೆರಡು ಸಾವಿರ ಕಟ್ಟಿಸಿಕೊಂಡರು, ಹಣ ವಾಪಸು ಪಡೆಯಲು ಇನ್ನೂ ಕಟ್ಟಬೇಕು ಎಂದರು. ಹದಿನೇಳು ಸಾವಿರ ಹೋಯಿತು, ಅದು ಅವಳ ಪರೀಕ್ಷೆಯ ಫೀ ಮತ್ತು ಅವಳ ತಾಯಿ ಕೂಡಿಟ್ಟ ಹಣ. ಮೊದಲು ಕೊಟ್ಟ ಆ 150 ರೂಪಾಯಿಯೇ ಗಾಳ. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳುವುದಿಲ್ಲ, ನೋಂದಣಿಗೂ ಇಲ್ಲ, ತರಬೇತಿಗೂ ಇಲ್ಲ. ಹಾಗೆ ಮೋಸ ಹೋದರೆ ಮಕ್ಕಳನ್ನು ಬೈಯುವ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ಗೃಹಲಕ್ಷ್ಮಿಯ ಎರಡು ಸಾವಿರವನ್ನು ಎಲ್ಲಿ ಇಡಬೇಕು ಎಂದು ಆಗಲೇ ಒಬ್ಬರು ಚೀಟಿ ಬರೆದು ಕೇಳಿದ್ದಾರೆ. 2023ರ ಆಗಸ್ಟ್‌ನಿಂದ ಬರುತ್ತಿರುವ ಈ ಹಣ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ ಎಂಬುದು ಅದರ ದೊಡ್ಡ ಗುಣ, ಅದು ನಿಮ್ಮ ಖಾತೆಯಲ್ಲೇ ಉಳಿಯಲಿ. ಆ ವರ್ಷದ ಜೂನ್‌ನಿಂದ ಬಸ್ಸಿನ ಟಿಕೆಟ್ಟಿನ ಹಣವೂ ಉಳಿಯುತ್ತಿದೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೂ ಐದು ವರ್ಷದ ಆರ್.ಡಿ., ಅಂದರೆ ತಿಂಗಳ ಕಂತಿನ ಠೇವಣಿ, ತೆರೆಯಬಹುದು. ಆದರೆ ನಿಮಗೆ ನೂರಕ್ಕೆ ಐದರ, ಮೂರರ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಒಂದು ಕಡೆ ವರ್ಷಕ್ಕೆ ಶೇಕಡಾ ಏಳರ ಒಳಗಿನ ಬಡ್ಡಿ ಪಡೆಯುತ್ತಾ, ಇನ್ನೊಂದು ಕಡೆ ಅರವತ್ತು ಕಟ್ಟುವ ಮನೆಗಳನ್ನು ನಾನು ನೂರಾರು ನೋಡಿದ್ದೇನೆ. ಆರ್.ಡಿ. ಮುರಿಯಬಾರದು ಎಂಬ ಒಳ್ಳೆಯ ಹಟದಿಂದಲೇ ಅವರು ಹಾಗೆ ಮಾಡುತ್ತಿದ್ದರು.

ರೊಟ್ಟಿಯ ತಂಗಿ ಏನು ಮಾಡಿದರು ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. ಸಂಘದಿಂದ ಇಪ್ಪತ್ತು ಸಾವಿರ ತೆಗೆದು ಹೊರಗಿನ ಸಾಲವನ್ನು ಒಂದೇ ದಿನದಲ್ಲಿ ಮುಗಿಸಿದರು. ಬಡ್ಡಿಗೆ ಹೋಗುತ್ತಿದ್ದ ಸಾವಿರಕ್ಕೆ ರೊಟ್ಟಿಯ ಲಾಭದಿಂದ ಇನ್ನೊಂದು ಸಾವಿರ ಸೇರಿಸಿ ತಿಂಗಳಿಗೆ ಎರಡು ಸಾವಿರದಂತೆ ಸಂಘಕ್ಕೆ ಕಟ್ಟಿದರು. ಹನ್ನೊಂದನೆಯ ತಿಂಗಳು ಕಟ್ಟಬೇಕಾಗಿದ್ದು 1,180 ರೂಪಾಯಿ ಮಾತ್ರ, ಅದರೊಂದಿಗೆ ಸಾಲ ಮುಗಿಯಿತು. ಹನ್ನೊಂದು ತಿಂಗಳ ಒಟ್ಟು ಬಡ್ಡಿಯೂ, ಆಶ್ಚರ್ಯವೆಂದರೆ, ಅಷ್ಟೇ: 1,180 ರೂಪಾಯಿ. ಹಳೆಯ ಲೆಕ್ಕದಲ್ಲಿ ಅಷ್ಟೇ ತಿಂಗಳಿಗೆ ಹನ್ನೊಂದು ಸಾವಿರ ಬಡ್ಡಿ ಕೊಟ್ಟು, ಇಪ್ಪತ್ತು ಸಾವಿರ ಹಾಗೆಯೇ ಉಳಿದಿರುತ್ತಿತ್ತು. ಖಾನಾವಳಿಯವರಿಗೆ ತಮ್ಮ ಹಾಳೆಯನ್ನೇ ತೋರಿಸಿ ರೊಟ್ಟಿಗೆ ಏಳರ ಬದಲು ಎಂಟು ರೂಪಾಯಿ ಕೇಳಿದರು. ಖಾನಾವಳಿಯ ಯಜಮಾನರು ಹಾಳೆಯನ್ನು ಎರಡು ಸಲ ಓದಿ, ಏಳೂವರೆಗೆ ಒಪ್ಪಿದರು. ಆ ಹಾಳೆಯ ಒಂದು ಪ್ರತಿಯನ್ನು ನಿಮ್ಮ ಪ್ರತಿ ಸಂಘಕ್ಕೂ ಕೊಡಲು ತಂದಿದ್ದೇನೆ, ರೊಟ್ಟಿ ಎಂದಿರುವ ಕಡೆ ನಿಮ್ಮ ಕೆಲಸದ ಹೆಸರನ್ನು ಬರೆದುಕೊಳ್ಳಿ.